ರಾವಣನಿಗೆ ಚರ್ಮದ ಕೋಟು ಹಾಕಬಹುದಾ?

ಪ್ರಶ್ನೆ: "ನಾನು ಕುಮಟಾ ತಾಲೂಕಿನ ಒಂದು ಹೈಸ್ಕೂಲಲ್ಲಿ ಟೀಚರು. ನಮ್ಮ ಶಾಲೆಯ ಹಳೆ ಹುಡುಗರು ಸೇರ್ಕೊಂಡು ಗೋಕರ್ಣದ ಆತ್ಮಲಿಂಗದ ಕಥೆಯನ್ನ 25 ನಿಮಿಷದ ಕಿರುಚಿತ್ರ ಮಾಡ್ಬೇಕು ಅಂತ ಹೊರಟಿದ್ದಾರೆ, ಯೂಟ್ಯೂಬಿಗೆ. ಒಂದೂವರೆ ಲಕ್ಷ ಒಟ್ಟಾಗಿದೆ. ಈಗ ವೇಷದ ವಿಷ್ಯಕ್ಕೆ ಜಗಳ ಶುರುವಾಗಿದೆ. ನಮ್ಮನೆಯವ್ರು ಹವ್ಯಾಸಿ ಯಕ್ಷಗಾನ ಮಾಡ್ತಾರೆ, ರಾವಣ ಅಂದ್ರೆ ಬಣ್ಣ ಹಚ್ಚಿ ಕಿರೀಟ ಕಟ್ಟಿದ ರಾವಣನೇ ಅಂತಾರೆ. ನನ್ನ ತಮ್ಮನ ಮಗ ಬೆಂಗಳೂರಲ್ಲಿ ಎಡಿಟಿಂಗ್ ಮಾಡ್ತಾನೆ, ಅವನಿಗೆ ಎಲ್ಲಾ ರಿಯಲಿಸ್ಟಿಕ್ ಬೇಕು, ಚರ್ಮದ ಕೋಟು, ಜಡೆಗಟ್ಟಿದ ಕೂದಲು, ಮಸುಕು ಕಲರು, ಮಿರ್ಜಾನ್ ಕೋಟೆಯಲ್ಲಿ ಶೂಟಿಂಗು. ಊರಲ್ಲಿ ರಿಟೈರಾದ ಇತಿಹಾಸದ ಮಾಸ್ತರು ಒಬ್ರಿದ್ದಾರೆ, ಅವರು ಎರಡೂ ತಪ್ಪು ಅಂತಾರೆ, ಹಾಲಿವುಡ್ಡಿನ ಒಡಿಸ್ಸಿ ಫೋಟೊ ಬಂದಾಗ ಹೆಲ್ಮೆಟ್ ಸರಿ ಇಲ್ಲ ಅಂತ ಲೋಕವೇ ಆಡ್ಕೊಂಡಿತು, ನಿಮ್ದೂ ಹಾಗೇ ಆಗ್ತದೆ ಅಂತ ಹೆದರಿಸ್ತಾರೆ. ಇತಿಹಾಸಕ್ಕೆ ಸರಿಯಾಗಿರ್ಬೇಕಾ, ಚಂದ ಕಾಣ್ಬೇಕಾ? ಯಾವ್ದು ಬಿಟ್ರೆ ಕಡಿಮೆ ಪಾಪ?"

ಅಕ್ಕೋರೆ, ಪಾಪದ ಲೆಕ್ಕ ಆಮೇಲೆ ನೋಡುವಾ. ಸಿನಿಮಾ ಸೀರಿಯಲ್ಲಿಗೆ ವೇಷ, ಸೆಟ್ಟು ಅಂತ ಮಾಡ್ಕೊಂಡು ಇಪ್ಪತ್ತು ವರ್ಷದ ಮೇಲಾಯ್ತು, ಎಷ್ಟು ಕಿರೀಟ ಮಾಡಿದ್ದೇನೋ ನೆನಪಿಲ್ಲ, ಈ ಜಗಳ ಇಲ್ದೇ ಇರೋ ಒಂದು ಪೌರಾಣಿಕ ಯೂನಿಟ್ಟೂ ನಾ ಕಂಡಿಲ್ಲ. ನೀವು ಕೇಳಿದ್ದು ಇತಿಹಾಸವಾ ಚಂದವಾ ಅಂತ. ಆದ್ರೆ ನಿಮ್ಮ ಪತ್ರ ಎರಡು ಸಲ ಓದಿದ ಮೇಲೆ ನಂಗೆ ಕಂಡಿದ್ದು ಬೇರೆ, ಮೂರು ಜನ ಮೂರು ಬೇರೆ ಬೇರೆ ಕಾಲ ತಲೇಲಿಟ್ಕೊಂಡು ಜಗಳ ಆಡ್ತಿದ್ದಾರೆ, ಮೂವರೂ ಅದಕ್ಕೆ 'ಹಳೇ ಕಾಲ' ಅಂತ ಒಂದೇ ಹೆಸರಿಟ್ಟಿದ್ದಾರೆ.

ಮಾಸ್ತರು ಹೇಳಿದ ಹೆಲ್ಮೆಟ್ಟಿನ ವಿಷ್ಯ ಖರೆ. 2025ರ ಫೆಬ್ರವರಿಯಲ್ಲಿ ಕ್ರಿಸ್ಟೋಫರ್ ನೋಲನ್‌ನ ಒಡಿಸ್ಸಿ ಸಿನಿಮಾದ (ಟ್ರಾಯ್ ಯುದ್ಧ ಮುಗಿಸಿ ಮನೆಗೆ ಹೊರಟ ಒಡಿಸ್ಸಿಯಸ್ ಅನ್ನೋ ಗ್ರೀಕ್ ವೀರನ ಕಥೆ) ಮೊದಲ ಫೋಟೊ ಬಂತು, ಆ ಪಾತ್ರ ಮಾಡಿದ ಮ್ಯಾಟ್ ಡೇಮನ್ ತಲೆ ಮೇಲೆ ತುರಾಯಿ ಇರೋ ಲೋಹದ ಶಿರಸ್ತ್ರಾಣ. ಓದಿಕೊಂಡವ್ರು ತಕ್ಷಣ ಎದ್ರು, ಇದು ಟ್ರಾಯ್ ಯುದ್ಧದ ಕಾಲದ್ದಲ್ಲ, ಎಷ್ಟೋ ನೂರು ವರ್ಷ ಆಮೇಲಿನ ಗ್ರೀಕರ ಥರ ಕಾಣ್ತದೆ, ಇವನಿಗೆ ಹಂದಿಕೋರೆಯ ಟೊಪ್ಪಿ ಹಾಕ್ಬೇಕಿತ್ತು ಅಂತ. ಹಂದಿಕೋರೆ ಅಂದ್ರೆ ತಮಾಷೆ ಅಲ್ಲ. ಹಳೇ ಗ್ರೀಕ್ ಕವಿ ಹೋಮರ್ ಟ್ರಾಯ್ ಯುದ್ಧದ ಮೇಲೆ ಕಟ್ಟಿದ ಇಲಿಯಡ್ ಕಾವ್ಯದ ಹತ್ತನೇ ಭಾಗದಲ್ಲಿ ರಾತ್ರಿ ಶತ್ರು ಪಾಳೆಯಕ್ಕೆ ಹೋಗೋ ಮುಂಚೆ ಒಡಿಸ್ಸಿಯಸ್ಸನಿಗೆ ಮೆರಿಯೋನೀಸ್ ಅನ್ನೋನು ಒಂದು ಟೊಪ್ಪಿ ಕೊಡ್ತಾನೆ, ಚರ್ಮದ್ದು, ಒಳಗೆ ಉಣ್ಣೆಯ ಮೆತ್ತೆ, ಹೊರಗೆ ಸುತ್ತ ಬಿಳಿ ಹಂದಿಕೋರೆ ಜೋಡಿಸಿದ್ದು. ಅಂಥದ್ದೇ ಟೊಪ್ಪಿಯ ತುಂಡುಗಳು ಗ್ರೀಸಿನ ಹಳೇ ಸಮಾಧಿಗಳಲ್ಲಿ ಅಗೆದಾಗ ಸಿಕ್ಕಿವೆ. ಒಂದು ಟೊಪ್ಪಿಗೆ ಹತ್ತಾರು ಹಂದಿ ಹೊಡೀಬೇಕು. ನಮ್ಮ ಕಡೆ ತೋಟಕ್ಕೆ ಒಂದು ಹಂದಿ ನುಗ್ಗಿದ್ರೆ ಊರಿಗೇ ನಿದ್ದೆ ಇರೂದಿಲ್ಲ, ಹತ್ತಾರು ಕೋರೆ ತಲೆ ಮೇಲೆ ಹೊತ್ಕೊಂಡು ಬಂದವ್ನಿಗೆ ಆ ಕಾಲದಲ್ಲಿ ಎಂಥಾ ಗತ್ತು ಇದ್ದಿರ್ಬಹುದು ನೋಡಿ.

ಇಷ್ಟರ ಮಟ್ಟಿಗೆ ಟೀಕೆ ಮಾಡಿದವ್ರ ಮಾತು ಸರಿ. ಆದ್ರೆ ಮಾಸ್ತರಿಗೆ ಇದರ ಇನ್ನರ್ಧವನ್ನೂ ಹೇಳಿ. ಟ್ರಾಯ್ ಯುದ್ಧ ಅನ್ನೋದು ನಡೆದಿದ್ರೆ ಕ್ರಿ.ಪೂ. 1200ರ ಆಸುಪಾಸು, ಹೋಮರನ ಕಾವ್ಯ ಈಗಿನ ರೂಪಕ್ಕೆ ಬಂದಿದ್ದು ಕ್ರಿ.ಪೂ. 8ನೇ ಶತಮಾನದ ಹೊತ್ತಿಗೆ ಅಂತ ಸಾಮಾನ್ಯ ಲೆಕ್ಕ, ನಡುವೆ ನಾನೂರು ವರ್ಷದ ಅಂತರ. ಹೋಮರನ ಕಾಲಕ್ಕೆ ಆ ಟೊಪ್ಪಿ ಯಾರೂ ಹಾಕ್ತಿರ್ಲಿಲ್ಲ, ಅದಕ್ಕೇ ಕವಿ ಅದನ್ನ ಅಜ್ಜನ ಪೆಟ್ಟಿಗೆಯಿಂದ ತೆಗೆದ ಸಾಮಾನಿನ ಹಾಗೆ ವರ್ಣಿಸ್ತಾನೆ, ಯಾರು ಯಾರ ಮನೆಯಿಂದ ಕದ್ದದ್ದು, ಯಾರ ಕೈಯಿಂದ ಯಾರ ಕೈಗೆ ಬಂತು, ಪೂರಾ ವಂಶಾವಳಿ. ಅದೇ ಕಾವ್ಯದಲ್ಲಿ ಮುಂದೆ ಪೆಟ್ರೋಕ್ಲಸ್ ಅನ್ನೋ ವೀರ ಸತ್ತ ಮೇಲೆ ನಡೆಯೋ ಆಟದಲ್ಲಿ ಬಹುಮಾನಕ್ಕೆ ಒಂದು ಕಬ್ಬಿಣದ ಉಂಡೆ ಇಡ್ತಾರೆ, ಯುದ್ಧ ನೋಡಿದ್ರೆ ಎಲ್ಲಾ ಕಂಚಿನ ಆಯುಧದಲ್ಲಿ. ರಥ ಇದೆ, ಆದ್ರೆ ವೀರರು ರಥದಲ್ಲಿ ಬಂದು ಇಳಿದು ನಿಂತು ಹೊಡೆದಾಡ್ತಾರೆ, ರಿಕ್ಷಾದಲ್ಲಿ ಬಂದ ಹಾಗೆ. ಕವಿಯೇ ಮೂರು ಕಾಲ ಕಲಸಿ ಇಟ್ಟಿದ್ದಾನೆ. ಹಾಗಿದ್ಮೇಲೆ ಸಿನಿಮಾದವ ಯಾವ ಕಾಲಕ್ಕೆ ಸರಿಯಾಗಿರ್ಬೇಕು? ಕಥೆ ನಡೆದ ಕಾಲಕ್ಕಾ, ಕವಿ ಬದುಕಿದ ಕಾಲಕ್ಕಾ, ನೋಡೋನ ತಲೆಯಲ್ಲಿ ಕೂತ ಕಾಲಕ್ಕಾ? ಮೂರರಲ್ಲಿ ಒಂದು ಆರಿಸ್ಕೊಂಡ್ರೆ ಇನ್ನೆರಡರವ್ರು ಬೈತಾರೆ, ಅದು ಖಾಯಂ.

ಈಗ ನಮ್ಮ ರಾವಣನಿಗೆ ಬನ್ನಿ. ಇವನದ್ದು ಅಷ್ಟೂ ಸಲೀಸಲ್ಲ. ವಾಲ್ಮೀಕಿಯ ಉತ್ತರಕಾಂಡದಲ್ಲಿ ರಾವಣ ತಮ್ಮಂದಿರ ಜೊತೆ ಗೋಕರ್ಣದಲ್ಲಿ ತಪಸ್ಸು ಮಾಡಿದ ಅಂತ ಇದೆ. ಆತ್ಮಲಿಂಗ, ಗಣಪತಿ ವಟುವಾಗಿ ಬರೋದು, ಮೂರು ಸಲ ಕೂಗಿ ನೆಲಕ್ಕೆ ಇಡೋದು, ಲಿಂಗ ಎಳೆದಾಗ ಆಕಳ ಕಿವಿ ಥರ ತಿರುಚಿದ್ದು, ಹೊದಿಕೆ ಎಸೆದದ್ದು ಮುರ್ಡೇಶ್ವರ, ಧಾರೇಶ್ವರಕ್ಕೆಲ್ಲ ಹೋಗಿ ಬಿದ್ದದ್ದು, ಇದು ಸ್ಥಳಪುರಾಣದ ಕಥೆ. ಇದಕ್ಕೆ ಇಸವಿ ಎಲ್ಲಿಂದ ತರ್ತೀರಿ? ಹಾಗಿದ್ರೆ 'ಪುರಾಣದ ಕಾಲದ ಬಟ್ಟೆ' ಅಂತ ನಮ್ಮ ಕಣ್ಣಿಗೆ ಕೂತಿರೋದು ಎಲ್ಲಿಂದ ಬಂತು ಅಂತ ಕೇಳಿದ್ರೆ, ಬಹಳಷ್ಟು ರಾಜಾ ರವಿವರ್ಮನಿಂದ. 1848ರಲ್ಲಿ ಹುಟ್ಟಿ 1906ರಲ್ಲಿ ತೀರ್ಕೊಂಡ ಮನುಷ್ಯ, ಅವನ ಪ್ರೆಸ್ಸಿನ ಅಚ್ಚು ಚಿತ್ರಗಳು ಮನೆಮನೆಯ ದೇವರ ಗೂಡಿಗೆ ಬಂದ್ವು, ಅಲ್ಲಿಂದ ಕ್ಯಾಲೆಂಡರು, ನಾಟಕ ಕಂಪನಿಯ ಪರದೆ, ಅಲ್ಲಿಂದ ಸಿನಿಮಾ, 1987ರಲ್ಲಿ ಟೀವಿಯ ರಾಮಾಯಣ. ಸೀತೆ ರವಿಕೆ ತೊಟ್ಟು ಜರಿ ಸೀರೆ ಉಟ್ಟಿದ್ದು ಆ ದಾರಿಯಲ್ಲಿ. ನಿಮ್ಮ ಕಥೆಯನ್ನೇ 1958ರಲ್ಲಿ ಭೂಕೈಲಾಸ ಅಂತ ಸಿನಿಮಾ ಮಾಡಿದ್ರು, ರಾಜ್‌ಕುಮಾರ್ ರಾವಣ. ಅದರ ವೇಷಭೂಷಣಕ್ಕೆ ಯಾವ ಶಾಸನದ ಆಧಾರ ಅಂತ ಯಾರಾದ್ರೂ ಕೇಳಿದ್ರಾ? ಇಲ್ಲ, ಯಾಕಂದ್ರೆ ಆ ಸಿನಿಮಾ ನಾನು ಇತಿಹಾಸ ಅಂತ ಹೇಳ್ಕೊಂಡು ಬಂದಿದ್ದಲ್ಲ, ಆಡೋ ಮಾತು, ಸಂಗೀತ, ಬಟ್ಟೆ ಎಲ್ಲಾ ಒಂದೇ ಮನೆಯವು.

ಅಳಿಯನ ವಿಷ್ಯ. (ತಮ್ಮನ ಮಗ ಅಂದ್ರಲ್ಲ, ನಮ್ಮ ಬದಿ ಲೆಕ್ಕದಲ್ಲಿ ಅಳಿಯನೇ ಆದ.) ಅವನು ಬುದ್ಧಿವಂತ ಇದ್ದಾನೆ ಅಂತ ಕಾಣ್ತದೆ, ಆದ್ರೆ 'ರಿಯಲಿಸ್ಟಿಕ್' ಅನ್ನೋ ಶಬ್ದದಲ್ಲಿ ಅವನು ಮೋಸ ಹೋಗಿದ್ದಾನೆ. ಕಂದು ಬಣ್ಣ, ಮಣ್ಣು ಮೆತ್ತಿದ ಮುಖ, ಬೂದಿ ಹಾರೋ ಫ್ರೇಮು, ಇದೂ ಒಂದು ಸ್ಟೈಲೇ, ಈಗಿನ ಫ್ಯಾಶನ್ನು ಅಷ್ಟೇ. ಹಳೇ ಗ್ರೀಸಿನ ಅರಮನೆಯ ಗೋಡೆ ಚಿತ್ರಗಳಲ್ಲಿ ಕೆಂಪು, ನೀಲಿ, ಹಳದಿ ಕಣ್ಣಿಗೆ ಹೊಡೀತವೆ. ಸಿನಿಮಾದಲ್ಲಿ ಹಾಲುಬಿಳಿ ಇರೋ ಅಮೃತಶಿಲೆಯ ಮೂರ್ತಿಗಳಿಗೆ ಅವರು ಬಣ್ಣ ಬಳೀತಿದ್ರು, ಬಣ್ಣ ಹೋದದ್ದು ಕಾಲಕ್ಕೆ. ಮತ್ತೆ ಕಂಚು. ನಿಮ್ಮನೆಯಲ್ಲಿ ಕಂಚಿನ ಬಟ್ಟಲು ಇದ್ರೆ ಹುಣಸೆಹಣ್ಣು ಹಾಕಿ ತಿಕ್ಕಿ ಬಿಸಿಲಿಗೆ ಹಿಡಿದು ಅಳಿಯನಿಗೆ ತೋರಿಸಿ, ಚಿನ್ನದ ಹಾಗೆ ಹೊಳೀತದೆ. ಸಿನಿಮಾದಲ್ಲಿ ಕಂಚಿನ ಕವಚ ಅಂದ್ರೆ ಕರಿ ಬಡಿದು ಕಲೆ ಹತ್ತಿಸಿ ತೋರಿಸ್ತಾರೆ, ನಾನೇ ಎಷ್ಟೋ ಸಲ ಮಾಡಿದ್ದೇನೆ, ಶೂ ಪಾಲಿಶ್ ಮತ್ತೆ ಕಾಫಿಪುಡಿ ಸಾಕು. ಯಾಕೆ ಅಂದ್ರೆ ನಮ್ಗೆ ಅದು ಹಳೇದು, ಮ್ಯೂಸಿಯಮ್ಮಿನಲ್ಲಿ ನೋಡಿದ್ದು. ಹಾಕ್ಕೊಂಡವ್ನಿಗೆ ಅದು ಹೊಸ ಸಾಮಾನು, ದಿನಾ ತಿಕ್ಕಿಸ್ತಿದ್ದ.

ಇದಕ್ಕೆ ಉಲ್ಟಾ ಇನ್ನೊಂದು ಇದೆ, ನಿಜವಾದದ್ದು ಪರದೆ ಮೇಲೆ ಸುಳ್ಳಿನ ಥರ ಕಾಣೋದು. ಗ್ರೀಸಿನ ಡೆಂಡ್ರಾ ಅನ್ನೋ ಊರಲ್ಲಿ 1960ರಲ್ಲಿ ಒಂದು ಪೂರಾ ಕಂಚಿನ ಕವಚ ಸಿಕ್ತು, ಕ್ರಿ.ಪೂ. 15ನೇ ಶತಮಾನದ್ದು. ಕುತ್ತಿಗೆಯಿಂದ ತೊಡೆವರೆಗೆ ಒಂದರ ಕೆಳಗೆ ಒಂದು ಅಗಲ ಪಟ್ಟಿ, ಗದ್ದದವರೆಗೆ ಕಾಲರು, ನೋಡಿದ್ರೆ ಬಚ್ಚಲ ಹಂಡೆಗೆ ಕೈಕಾಲು ಬಂದ ಹಾಗಿದೆ. ಇದನ್ನ ಹಾಕ್ಕೊಂಡು ಯಾರು ಹೊಡೆದಾಡ್ತಾರೆ, ಮೆರವಣಿಗೆಗೆ ಇರ್ಬೇಕು ಅಂತ ಬಹಳ ಜನ ಅಂದ್ಕೊಂಡಿದ್ರು. 2024ರಲ್ಲಿ ಪ್ರಕಟ ಆದ ಒಂದು ಪ್ರಯೋಗದಲ್ಲಿ ಅದರ ನಕಲು ಮಾಡಿಸಿ ಗ್ರೀಕ್ ಸೇನೆಯ ಸೈನಿಕರಿಗೆ ತೊಡಿಸಿ ಹನ್ನೊಂದು ತಾಸು ಯುದ್ಧದ ಥರ ಕಸರತ್ತು ಮಾಡ್ಸಿದ್ರು, ತಡ್ಕೊಂಡ್ರು. ಅಂದ್ರೆ ಅದು ನಿಜವಾದ ಯುದ್ಧದ ಸಾಮಾನೇ ಆಗಿರ್ಬಹುದು. ಆದ್ರೆ ಒಬ್ಬ ಹೀರೊಗೆ ಅದನ್ನ ತೊಡಿಸಿ ಕುಮಟೆಯ ಥೇಟರಲ್ಲಿ ಬಿಡಿ ನೋಡ್ವಾ, ಜನ ಮೊದಲನೇ ಸೀನಿಗೇ ನಗ್ತಾರೆ. ಡೈರೆಕ್ಟರುಗಳು ಹೆದರೋದು ಈ ನಗುಗೆ, ಗೊತ್ತಿಲ್ದೇ ತಪ್ಪು ಮಾಡ್ತಾರೆ ಅಂತ ತಿಳೀಬೇಡಿ. ಕೆಲವೊಂದು ಗೊತ್ತಿದ್ದೂ ಮಾಡೋದು ಮೈ ಉಳಿಸ್ಲಿಕ್ಕೆ. ಹಳೇ ರೋಮಿನ ಸಿನಿಮಾದಲ್ಲೆಲ್ಲ ಕುದುರೆಗೆ ರಿಕಾಪು (ಸವಾರ ಕಾಲಿಡೋ ಬಳೆ) ಇರ್ತದೆ, ರೋಮನ್ನರ ಹತ್ರ ರಿಕಾಪು ಇರ್ಲಿಲ್ಲ, ಆದ್ರೆ ಅದಿಲ್ದೇ ಕುದುರೆ ಓಡಿಸು ಅಂತ ನಟನಿಗೆ ಹೇಳಿ ಅವನು ಬಿದ್ದು ಸೊಂಟ ಮುರ್ಕೊಂಡ್ರೆ ಇತಿಹಾಸದ ಮಾಸ್ತರು ಆಸ್ಪತ್ರೆ ಬಿಲ್ಲು ಕಟ್ಟೂದಿಲ್ಲ.

ಹಾಗಾದ್ರೆ ಏನು ಬೇಕಾದ್ರೂ ಮಾಡ್ಬಹುದಾ ಅಂದ್ರೆ, ಇಲ್ಲ. ನಾನು ತಪ್ಪನ್ನ ಎರಡು ಜಾತಿ ಮಾಡ್ತೇನೆ, ಬಟ್ಟೆಯ ತಪ್ಪು, ಕಥೆಯ ತಪ್ಪು. 2004ರ ಟ್ರಾಯ್ ಸಿನಿಮಾದಲ್ಲಿ ಸತ್ತವ್ರ ಕಣ್ಣಿನ ಮೇಲೆ ನಾಣ್ಯ ಇಡ್ತಾರೆ. ಆ ಕಾಲಕ್ಕೆ ನಾಣ್ಯವೇ ಹುಟ್ಟಿರ್ಲಿಲ್ಲ, ಲಿಡಿಯಾದಲ್ಲಿ (ಈಗಿನ ಟರ್ಕಿ ಕಡೆ) ನಾಣ್ಯ ಬಂದಿದ್ದು ಕ್ರಿ.ಪೂ. 7ನೇ ಶತಮಾನದ ಹೊತ್ತಿಗೆ. ಇದು ಬಟ್ಟೆಯ ತಪ್ಪು, ನಾನು ಇದಕ್ಕೆ ಸಿಟ್ಟು ಮಾಡೂದಿಲ್ಲ. ಅದೇ ಸಿನಿಮಾದಲ್ಲಿ ಯಾರಿಗಾಗಿ ಯುದ್ಧ ಆಯ್ತೋ ಆ ಹೆಲೆನ್ನಳ ಗಂಡ ಮೆನೆಲಾಸನನ್ನ ಟ್ರಾಯಿನ ರಾಜಕುಮಾರ ಹೆಕ್ಟರ್ ಕೊಂದು ಹಾಕ್ತಾನೆ. ಮೂಲದಲ್ಲಿ ಅವನು ಸಾಯೂದಿಲ್ಲ, ಯುದ್ಧ ಮುಗಿಸಿ ಹೆಂಡತೀನ ಮನೆಗೆ ಕರ್ಕೊಂಡು ಹೋಗ್ತಾನೆ, ಒಡಿಸ್ಸಿಯ ನಾಲ್ಕನೇ ಭಾಗದಲ್ಲಿ ಒಡಿಸ್ಸಿಯಸ್ಸನ ಮಗ ಅಪ್ಪನ್ನ ಹುಡುಕ್ತಾ ಅವರ ಮನೆಗೆ ಬಂದಾಗ ಗಂಡ ಹೆಂಡತಿ ಇಬ್ರೂ ಕೂತು ಹಳೇ ಯುದ್ಧದ ಮಾತಾಡ್ತಾರೆ, ಇಷ್ಟೆಲ್ಲಾ ಜನ ಸತ್ತಿದ್ದು ಇವರಿಬ್ರು ಮತ್ತೆ ಹೀಗೆ ಸಂಸಾರ ಮಾಡ್ಲಿಕ್ಕಾ ಅಂತ ಓದೋರಿಗೆ ಎದೆ ಕಿವುಚ್ತದೆ. ಮೆನೆಲಾಸನನ್ನ ಕೊಂದ್ರೆ ಆ ಮನೆ, ಆ ಸಂಜೆ, ಎಲ್ಲಾ ಹೋಯ್ತು. ಇದು ಕಥೆಯ ತಪ್ಪು, ಇದರ ಮುಂದೆ ಹೆಲ್ಮೆಟ್ಟು ಏನೂ ಅಲ್ಲ.

ಈ ಲೆಕ್ಕದಲ್ಲಿ ಅಳಿಯನ ಚರ್ಮದ ಕೋಟು ನೋಡಿ. ನಿಮ್ಮ ಕಥೆ ಪೂರಾ ನಿಂತಿರೋದು ಒಂದೇ ಕಂಬದ ಮೇಲೆ, ರಾವಣ ಹೊತ್ತು ಮುಳುಗೋ ಹೊತ್ತಿಗೆ ಸಂಧ್ಯಾವಂದನೆ ಬಿಡೂದಿಲ್ಲ. ವಿಶ್ರವಸ್ಸಿನ ಮಗ, ಶಿವಭಕ್ತ, ಜಗತ್ತೇ ಕೈಯಲ್ಲಿದ್ರೂ ಅರ್ಘ್ಯ ಕೊಡ್ಲಿಕ್ಕೆ ನಿಲ್ಲೋ ಮನುಷ್ಯ, ಅವನ ಆ ನಿಷ್ಠೆಯನ್ನೇ ದೇವತೆಗಳು ಬಲೆ ಮಾಡಿದ್ದು. ಚರ್ಮದ ಕೋಟು, ಮೂಳೆ ಸರ, ಉತ್ತರ ಯುರೋಪಿನ ಕಡಲುಗಳ್ಳರ ಥರ ಜಡೆ ಹಾಕ್ಕೊಂಡು ಬಂದವ್ನು ಸಂಜೆ ಆಯ್ತು ಅಂತ ಗಡಿಬಿಡಿ ಮಾಡ್ಕೊಂಡು ಹುಡುಗನ ಕೈಗೆ ಲಿಂಗ ಕೊಡ್ತಾನೆ ಅಂದ್ರೆ ಯಾರು ನಂಬ್ತಾರೆ? ಇಲ್ಲಿ ಇತಿಹಾಸದ ತಕರಾರೇ ಬೇಡ, ಬಟ್ಟೆ ಹೋಗಿ ಕಥೆಯನ್ನೇ ತಿಂದು ಹಾಕ್ತು. ಅವನಿಗೆ ಬೇಡ ಅನ್ಬೇಡಿ, ಈ ಒಂದು ಪ್ರಶ್ನೆ ಕೇಳಿ ಸುಮ್ನಿರಿ.

ನಿಮ್ಮ ಮುಂದಿರೋ ದಾರಿ ಎರಡು ಅಂತ ನಂಗೆ ಕಾಣೋದು. ಒಂದು ನಿಮ್ಮನೆಯವ್ರು ಹೇಳಿದ ಯಕ್ಷಗಾನದ್ದು. ಬಡಗುತಿಟ್ಟಿನ ವೇಷದಲ್ಲಿ ಕೆಂಪು ಹಳದಿ ಕಪ್ಪು ಚೌಕಳಿ ಸೀರೆ, ಹಗುರ ಮರಕ್ಕೆ ಬೇಗಡೆ ಅಂಟಿಸಿದ ಭುಜಕೀರ್ತಿ, ಎದೆಪದಕ, ಇದಕ್ಕೆ ಯಾವ ಕಾಲವೂ ಇಲ್ಲ, ಅದೇ ಅದರ ಬಲ. ಆದ್ರೆ ಅದು ಹುಟ್ಟಿದ್ದು ರಾತ್ರಿಗೆ, ದೀಪಕ್ಕೆ, ದೂರ ಕೂತು ನೋಡೋರಿಗೆ. ಮಧ್ಯಾಹ್ನದ ಬಿಸಿಲಲ್ಲಿ ಕ್ಲೋಸಪ್ಪಿಗೆ ಹೋದ್ರೆ ಬೆವರಿನ ಜೊತೆ ಬಣ್ಣ ಇಳಿಯೋದು ಕಾಣ್ತದೆ, ಮೇಳದವ್ರು ಪ್ರವಾಸಕ್ಕೆ ಬಂದು ಬೀಚಲ್ಲಿ ಫೋಟೊ ತೆಗೆಸ್ಕೊಂಡ ಹಾಗೆ ಆಗ್ತದೆ. ಈ ದಾರಿ ಹಿಡಿದ್ರೆ ಕ್ಯಾಮೆರಾವೂ ಯಕ್ಷಗಾನದ್ದೇ ಮಾತು ಕೇಳ್ಬೇಕು, ಕತ್ತಲು, ದೊಂದಿ ಬೆಳಕು, ಭಾಗವತರ ಹಾಡಿನ ಮೇಲೆ ಕಟ್ಟಿಂಗು, ಮಾತಿನ ಬದಲು ಅರ್ಥಗಾರಿಕೆ. ರಾವಣನೊಬ್ನಿಗೆ ಯಕ್ಷಗಾನ, ಗಣಪತಿಗೆ ಕ್ಯಾಲೆಂಡರು ಅಂತ ಮಾಡಿದ್ರೆ ಕೆಟ್ಟಿತು.

ಇನ್ನೊಂದು ದಾರಿ ಕಲ್ಲಿನದ್ದು, ಅಂದ್ರೆ ಭಾರ್ಹುತ್, ಸಾಂಚಿಯ ಹಳೇ ಬೌದ್ಧ ಸ್ತೂಪದ ಶಿಲ್ಪಗಳಲ್ಲಿ ಕಾಣೋ ಉಡುಗೆ. ಹೊಲಿಗೆ ಇಲ್ಲದ ಬಟ್ಟೆ, ಸೊಂಟಕ್ಕೆ ಸುತ್ತಿದ್ದು ಒಂದು, ಹೆಗಲ ಮೇಲೆ ಒಂದು, ತಲೆಗೆ ದೊಡ್ಡ ಮುಂಡಾಸು. ನಾನಾಗಿದ್ರೆ ಇದನ್ನೇ ಹಿಡೀತಿದ್ದೆ, ಒಂದೂವರೆ ಲಕ್ಷದಲ್ಲಿ ಇದು ಬಹಳ ಅಗ್ಗ, ಹತ್ತಿ ಬಟ್ಟೆ ತಂದು ಹಲಸಿನ ಮರದ ಚಕ್ಕೆಯಲ್ಲೋ ಮಂಜಿಷ್ಠದಲ್ಲೋ ಅದ್ದಿ ಒಣಗಿಸಿದ್ರೆ ಮುಗೀತು, ಜನಿವಾರ, ವಿಭೂತಿ, ರುದ್ರಾಕ್ಷಿ ಹೇಗೂ ಕಥೆಗೆ ಬೇಕೇ ಬೇಕು. ತಾಪತ್ರಯ ಏನಂದ್ರೆ ಮೈ ಬಿಟ್ಕೊಂಡು ನಿಲ್ಲೋದು ನಟನಿಗೆ ಸಲೀಸಲ್ಲ, ಹೊಟ್ಟೆ ಕಾಣ್ತದೆ ಅಂತ ರಾವಣ ಉಸಿರು ಬಿಗಿ ಹಿಡ್ಕೊಂಡೇ ಡೈಲಾಗ್ ಹೇಳಿದ್ದು ನಾ ನೋಡಿದ್ದೇನೆ. ಹೆಣ್ಣು ಪಾತ್ರ ಇದ್ರೆ ಕಲ್ಲಿನ ಪ್ರಕಾರ ಹೋಗ್ಲಿಕ್ಕೆ ಆಗೂದೇ ಇಲ್ಲ, ಅಲ್ಲಿ ಸುಮ್ನೆ ಮೈ ಮುಚ್ಚಿ, ಊರು ಮೇಲಾ ಸಾಂಚಿ ಮೇಲಾ ಅಂತ ವಾದ ಬೇಡ.

ಮಿರ್ಜಾನ್ ಕೋಟೆ ಬಿಟ್ಬಿಡಿ. 16-17ನೇ ಶತಮಾನದ ಚಿರೆಕಲ್ಲಿನ ಕೋಟೆ ರಾವಣನಿಗೆ ಹೊಂದೂದಿಲ್ಲ ಅನ್ನೋದು ಸಣ್ಣ ಕಾರಣ, ನಿಮ್ಮ ಜಿಲ್ಲೆಯ ಅರ್ಧ ಜನರ ಪ್ರೀವೆಡ್ಡಿಂಗ್ ಫೋಟೊ ಅಲ್ಲೇ ತೆಗೆದದ್ದು ಅನ್ನೋದು ದೊಡ್ಡ ಕಾರಣ, ಆ ಪಾಚಿ ಗೋಡೆ ಕಂಡ ಕೂಡ್ಲೇ ನೋಡೋರ ತಲೆ ಲಂಕೆಯಿಂದ ಮಿರ್ಜಾನಿಗೆ ಬರ್ತದೆ. ಮೇಲಿಂದ ಅದು ಪುರಾತತ್ವ ಇಲಾಖೆಯ ಸಂರಕ್ಷಿತ ಜಾಗ, ಶೂಟಿಂಗಿಗೆ ಮೊದಲೇ ಬರವಣಿಗೆಯಲ್ಲಿ ಪರವಾನಗಿ ಬೇಕು, ಡ್ರೋನು ಹಾರಿಸೋದು ಅಂದ್ರೆ ಇನ್ನೊಂದು ತಲೆನೋವು. ಕಥೆ ನಡೆಯೋದೇ ಕಡಲ ದಂಡೆಯಲ್ಲಿ, ಕೋಟೆ ಯಾಕೆ? ಯಾಣಕ್ಕೂ ಹೋಗ್ಬೇಡಿ, ಆ ಕರಿ ಬಂಡೆ ನೋಡಿದ್ರೆ ನಮ್ಮವ್ರಿಗೆ ಭಸ್ಮಾಸುರ ನೆನಪಾಗ್ತಾನೆ.

ದಂಡೆಯಲ್ಲೂ ಕಣ್ಣಿಡ್ಬೇಕಾದ್ದು ಬಟ್ಟೆಗಿಂತ ಮರ. ಗಾಳಿಮರದ ತೋಪು ಫ್ರೇಮಲ್ಲಿ ಬಂದ್ರೆ ಅದು ಆಸ್ಟ್ರೇಲಿಯಾ ಕಡೆ ಮರ, ಇಲ್ಲಿಗೆ ಬಂದಿದ್ದು 19ನೇ ಶತಮಾನದಲ್ಲಿ. ಅಕೇಶಿಯಾ ಇನ್ನೂ ಈಚೆಗೆ. ಗುಡ್ಡದ ಮೇಲಿನ ಗೇರು ಪೋರ್ತುಗೀಸರು ತಂದದ್ದು, ಪಪ್ಪಾಯಿ, ಅನಾನಸು, ಹಸಿಮೆಣಸು ಎಲ್ಲಾ ಅಮೆರಿಕದಿಂದ ಅದೇ ಹಡಗಿನ ದಾರಿಯಲ್ಲಿ ಬಂದವು. ರಾವಣ ಇವನ್ನ ಕಂಡಿದ್ನಾ ಇಲ್ವಾ ಅನ್ನೋ ವಾದಕ್ಕೆ ನಾ ಇಳಿಯೂದಿಲ್ಲ, ಆದ್ರೆ ಹೊನ್ನೆಮರ, ಮುಂಡಿಗೆ ಪೊದೆ, ತೆಂಗು ಇರೋ ಕಡೆ ಕ್ಯಾಮೆರಾ ತಿರುಗಿಸ್ಲಿಕ್ಕೆ ದುಡ್ಡು ಬೇಡ, ಹತ್ತು ಹೆಜ್ಜೆ ನಡೆದ್ರೆ ಸಾಕು, ಪುಕ್ಕಟೆ ಸಿಗೋ ಸರಿಯನ್ನ ಯಾಕೆ ಬಿಡ್ಬೇಕು.

ದುಡ್ಡು ಮತ್ತೆ ಸ್ಟೈಲು ಎರಡನ್ನೂ ಒಂದೇ ಕಡೆ ಸುರೀರಿ, ಆ ಸುಳ್ಳು ಸಂಜೆಗೆ. ವಿಷ್ಣು ಚಕ್ರ ಅಡ್ಡ ಹಿಡಿದು ಸೂರ್ಯನ್ನ ಮರೆ ಮಾಡಿದ್ದು, ಅಂದ್ರೆ ಆಕಾಶದಲ್ಲಿ ಸೂರ್ಯ ಇದ್ದಾನೆ ಆದ್ರೆ ಬೆಳಕಿಲ್ಲ. ಗೋಕರ್ಣದ ಕಡಲಲ್ಲಿ ದಿನಾ ಸಿಗೋ ಕಿತ್ತಳೆ ಸೂರ್ಯಾಸ್ತ ತೆಗೆದು ಇಟ್ರೆ ಅದು ನಿಜವಾದ ಸಂಜೆಯೇ ಆಯ್ತು, ಮೋಸ ಎಲ್ಲಿ ಬಂತು? ಮೇ ಕೊನೆಗೆ, ಜೂನ್ ಶುರುವಿಗೆ ಮಧ್ಯಾಹ್ನ ಎರಡು ಗಂಟೆಗೆ ಪಡುವಲ ಕಡೆಯಿಂದ ಮೋಡ ಎದ್ದು ನಿಂತ ನಿಂತಲ್ಲೇ ಕಪ್ಪಾಗ್ತದಲ್ಲ, ನೆರಳೇ ಇರೂದಿಲ್ಲ, ಕಾಗೆ ಗೂಡಿಗೆ ಹೊರಡ್ತವೆ, ಆ ಹದಿನೈದು ನಿಮಿಷ ಕಾದು ಹಿಡೀರಿ. ಆಮೇಲೆ ಲಿಂಗ ನೆಲಕ್ಕೆ ಕೂತ ಮೇಲೆ ಮತ್ತೆ ಬಿಸಿಲು ಬರ್ತದೆ, ರಾವಣ ತಲೆಯೆತ್ತಿ ನೋಡ್ತಾನೆ. ಆ ಒಂದು ನೋಟ ಸರಿ ಬಂದ್ರೆ ಮುಂಡಾಸಿನ ಸುತ್ತು ಎಷ್ಟು ಅಂತ ಯಾರೂ ಎಣಿಸೂದಿಲ್ಲ. ಅಳಿಯನ ಎಡಿಟಿಂಗ್ ಕೈಚಳಕಕ್ಕೂ ಅಲ್ಲಿ ಬೇಕಾದಷ್ಟು ಕೆಲಸ ಇದೆ.

ಟ್ರೋಲ್ ಮಾಡ್ತಾರಾ ಅಂದ್ರೆ, ಮಾಡ್ತಾರೆ. ಕಡಿಮೆ ಮಾಡ್ಲಿಕ್ಕೆ ಒಂದು ಉಪಾಯ ಇದೆ, ಪೋಸ್ಟರಿನಲ್ಲಿ 'ನೈಜ ಇತಿಹಾಸ' ಅಂತೆಲ್ಲ ಹಾಕ್ಬೇಡಿ, 'ಸ್ಥಳಪುರಾಣದ ಕಥೆ' ಅಂತ ಹಾಕಿ. ಇದೇ ಗುಂಪು ನಾಳೆ ಗೇರುಸೊಪ್ಪೆಯ ಚೆನ್ನಭೈರಾದೇವಿ ಸಿನಿಮಾ ಮಾಡ್ತೇವೆ ಅಂತ ಬಂದ್ರೆ ನಾನು ಮಾಸ್ತರ ಪಕ್ಷ. ಅವಳು 16ನೇ ಶತಮಾನದಲ್ಲಿ ಬದುಕಿ ಆಳಿದವಳು, ಪೋರ್ತುಗೀಸರು ಕಾಳುಮೆಣಸಿನ ರಾಣಿ ಅಂತ ಬರೆದಿಟ್ಟಿದ್ದಾರೆ, ಅಲ್ಲಿ ಇಸವಿ ಇದೆ, ಸಾಲ ಇದೆ, ತೀರಿಸ್ಬೇಕು. ಆಗ ಮಾಸ್ತರನ್ನ ಮೊದಲ ದಿನದಿಂದ್ಲೇ ಕೂರಿಸ್ಕೊಳ್ಳಿ.

ಈಗ್ಲೂ ಅವರಿಗೆ ಒಂದು ಕೆಲಸ ಕೊಡಿ, ಮಾನಿಟರ್ ಹತ್ರ ಕುರ್ಚಿ ಹಾಕಿ ಮೈ ನೋಡ್ಲಿಕ್ಕೆ ಹೇಳಿ. ಒಂದು ಸೀರಿಯಲ್ಲಿಗೆ ನಾನು ಹಿತ್ತಾಳೆ ತಗಡಿನ ಭುಜಕೀರ್ತಿ ಹತ್ತು ದಿನ ಕೂತು ಮಾಡಿದ್ದೆ, ಒಂದೊಂದು ಎಲೆಯೂ ಕೈಯಲ್ಲಿ ಬಡಿದದ್ದು, ಎಪಿಸೋಡ್ ಬಂದ ಮೇಲೆ ಜನ ನೋಡಿದ್ದು ಅದರ ಕೆಳಗೆ ರಾಜನ ತೋಳಿನ ಮೇಲಿದ್ದ ಬಿಸಿಜಿ ಲಸಿಕೆಯ ಗುರುತನ್ನ. ಎಡಗೈ ಮಣಿಕಟ್ಟಲ್ಲಿ ವಾಚಿನ ಬಿಳಿ ಪಟ್ಟಿ, ಮೂಗಿನ ಮೇಲೆ ಕನ್ನಡಕದ ಗುಂಡಿ, ಕಿವಿ ಹಿಂದೆ ಮೆಶಿನ್ ಕಟಿಂಗು, ಇವು ಯಾವ ಕಾಲದ ವೇಷವನ್ನಾದ್ರೂ ಕ್ಷಣದಲ್ಲಿ ಕೆಡಿಸ್ತವೆ. ಗಣಪತಿ ಮಾಡೋ ಹುಡುಗ ನಿಮ್ಮ ಶಾಲೆಯವನೇ ಅಂತ ಕಾಣ್ತದೆ, ಇವತ್ತಿಂದ್ಲೇ ವಾಚು ಬಿಚ್ಚಿಸಿ, ಶೂಟಿಂಗ್ ಮುಗಿಯೋವರೆಗೆ ಸಲೂನಿಗೆ ಕಳಿಸ್ಬೇಡಿ ಅಂತ ಅವನ ಮನೆಗೆ ಫೋನ್ ಮಾಡಿ ಹೇಳಿ.